ಮಾಲ್ಟಿನ ಸಿಹಿ ಚರಟದಲ್ಲಿ ಉಳಿಯದಿರಲಿ: ಸ್ಪಾರ್ಜಿಂಗ್ ಕ್ರಮ ಮತ್ತು ಇಳುವರಿ

ಇಳುವರಿ ಎಂದೊಡನೆ ನಮಗೆ ಹೊಲವೇ ನೆನಪಿಗೆ ಬರುತ್ತದೆ. ಆದರೆ ಬೆಳೆದ ಕಾಳಿನಿಂದ ಮುಂದೆ ಏನನ್ನಾದರೂ ತಯಾರಿಸುವಾಗಲೂ ಇಳುವರಿಯ ಪ್ರಶ್ನೆ ಇದ್ದೇ ಇರುತ್ತದೆ. ಗಾಣದಲ್ಲಿ ಕಬ್ಬು ಸರಿಯಾಗಿ ನುರಿಯದಿದ್ದರೆ ಬೆಲ್ಲ ಕಡಿಮೆಯಾಗುತ್ತದೆ. ಅದೇ ರೀತಿ ಮಾಲ್ಟ್ ಮಾಡಿದ ಕಾಳಿನಿಂದ ಸಿಹಿರಸ ತೆಗೆಯುವಾಗ ತೊಳೆಯುವ ಕ್ರಮ ತಪ್ಪಿದರೆ ಸಕ್ಕರೆಯ ಒಂದು ದೊಡ್ಡ ಪಾಲು ಚರಟದಲ್ಲಿಯೇ ಉಳಿದುಹೋಗುತ್ತದೆ. ಈ ತೊಳೆಯುವ ಕೆಲಸಕ್ಕೆ ಸ್ಪಾರ್ಜಿಂಗ್ ಎಂದು ಹೆಸರು. ಚಿಮುಕಿಸು ಎಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ.

ಈ ಲೇಖನಕ್ಕೆ ಒಂದು ಪತ್ರ ಕಾರಣ. ನಮ್ಮಲ್ಲಿ ಕೃಷಿ ಪದವಿ ಪಡೆದು ಈಗ ಇಂಗ್ಲೆಂಡಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಅಲ್ಲಿನ ಅನೇಕರಂತೆ ಬಾರ್ಲಿ ಮಾಲ್ಟಿನಿಂದ ಮನೆಯಲ್ಲಿಯೇ ಬಿಯರ್ ತಯಾರಿಸುತ್ತಾರೆ. ಅವರು ಬರೆದದ್ದು ಇಷ್ಟು: "ಸರ್, ಐದು ಕಿಲೋ ಮಾಲ್ಟಿಗೆ 25 ಲೀಟರ್ ಸಿಹಿರಸ ಬರುತ್ತದೆ. ಆದರೆ ಅದರ ಸಾಂದ್ರತೆ 1.036 ಮಾತ್ರ. ಇನ್ನೂ ಹೆಚ್ಚು ನೀರು ಹಾಕಿ ತೊಳೆಯಲೇ?" ಹೆಚ್ಚು ನೀರು ಹಾಕುವುದು ಇದಕ್ಕೆ ಪರಿಹಾರವಲ್ಲ. ಏಕೆ ಅಲ್ಲ, ಹಾಗಾದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ತಿಳಿಸಲಾಗಿದೆ.

ಮೊದಲು ಒಂದು ಎಚ್ಚರಿಕೆ

ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕೇಂದ್ರ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮ ರಾಜ್ಯದಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯಲ್ಲಿ ಮಾಡಿದ ಬಿಯರ್ ಸಹ ಇದರಲ್ಲಿ ಸೇರುತ್ತದೆ. ಆದುದರಿಂದ ಓದುಗರು ಹುಳಿಯಿಸುವ ಕೆಲಸಕ್ಕೆ ಕೈಹಾಕಬಾರದು.

ಹಾಗಾದರೆ ಈ ವಿಷಯ ನಮಗೇಕೆ ಎಂದು ಕೇಳಬಹುದು. ಸಿಹಿರಸ ತೆಗೆಯುವವರೆಗಿನ ಕೆಲಸದಲ್ಲಿ ಮದ್ಯದ ಅಂಶವೇ ಇಲ್ಲ. ಆ ರಸವನ್ನು ಬತ್ತಿಸಿದರೆ ಅದು ಮಾಲ್ಟ್ ಪಾಕವಾಗುತ್ತದೆ. ರಾಗಿ ಮಾಲ್ಟಿನಿಂದ ಪಾಕ ಮಾಡಲು ಹೊರಟವರಿಗೂ ಇದೇ ತತ್ವಗಳು ಅನ್ವಯಿಸುತ್ತವೆ. ಇನ್ನೊಂದು ಸಂಗತಿ: ಬೆಂಗಳೂರಿನ ಸುತ್ತಮುತ್ತ ಹಾಲು ಉತ್ಪಾದಿಸುವ ಅನೇಕರು ಪರವಾನಗಿ ಪಡೆದ ಬಿಯರ್ ಘಟಕಗಳ ಚರಟವನ್ನು ಹಸುಗಳಿಗೆ ಹಾಕುತ್ತಾರೆ. ಆ ಚರಟ ಹೇಗೆ ಬಂತು, ಅದರಲ್ಲಿ ಏನು ಉಳಿದಿದೆ ಎಂಬುದು ಅವರಿಗೂ ತಿಳಿದಿರಬೇಕು.

ಮಾಲ್ಟಿನಲ್ಲಿ ನಡೆಯುವುದೇನು?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಸಿದ್ಧವಾಗುತ್ತದೆ. ಮೊಳಕೆಯ ಕಾಲದಲ್ಲಿ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವಗಳು ಸಿದ್ಧಗೊಳ್ಳುತ್ತವೆ. ಈ ಮಾಲ್ಟನ್ನು ಒಡೆದು, ಪ್ರತಿ ಕಿಲೋಗೆ ಎರಡೂವರೆಯಿಂದ ಮೂರು ಲೀಟರ್ ಬಿಸಿನೀರಿನಲ್ಲಿ ಕಲಸಿ, 65ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಗಂಟೆ ಇಡುತ್ತಾರೆ. ಇದಕ್ಕೆ ಮ್ಯಾಷ್ ಎನ್ನುತ್ತಾರೆ. ಈ ಅವಧಿಯಲ್ಲಿ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ.

ಗಂಟೆಯ ಕೊನೆಗೆ ಪಾತ್ರೆಯಲ್ಲಿ ಸಕ್ಕರೆ ಕರಗಿದ ನೀರೂ, ಅದನ್ನು ಸ್ಪಂಜಿನಂತೆ ಹೀರಿಕೊಂಡ ಚರಟವೂ ಇರುತ್ತವೆ. ತಳದ ನಲ್ಲಿ ತೆರೆದರೆ ಒಂದು ಪಾಲು ರಸ ತಾನಾಗಿ ಇಳಿಯುತ್ತದೆ. ಉಳಿದದ್ದು ಚರಟದಲ್ಲಿಯೇ ನಿಲ್ಲುತ್ತದೆ. ಒಂದು ಕಿಲೋ ಮಾಲ್ಟಿನ ಚರಟವು ಸುಮಾರು ಒಂದು ಲೀಟರ್ ರಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಹಿಡಿದ ರಸವನ್ನು ಬಿಸಿನೀರಿನಿಂದ ತೊಳೆದು ಹೊರಗೆ ತರುವುದೇ ಸ್ಪಾರ್ಜಿಂಗ್.

ಇದು ನಮಗೆ ಹೊಸದಲ್ಲ. ಕಾಫಿ ಫಿಲ್ಟರಿನಲ್ಲಿ ಮೊದಲ ಡಿಕಾಕ್ಷನ್ ಇಳಿದ ಮೇಲೆ ಮತ್ತೆ ಬಿಸಿನೀರು ಹುಯ್ದು ಎರಡನೆಯದನ್ನು ತೆಗೆಯುತ್ತೇವೆ. ತೆಂಗಿನ ತುರಿಯಿಂದ ಮೊದಲ ಹಾಲು, ಎರಡನೆಯ ಹಾಲು ಹಿಂಡುತ್ತೇವೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಕೊನೆಯ ಗಾಣಕ್ಕೆ ಹೋಗುವ ಮೊದಲು ಅದಕ್ಕೆ ನೀರು ಸಿಂಪಡಿಸುತ್ತಾರೆ. ಎಲ್ಲೆಡೆ ತತ್ವ ಒಂದೇ: ಹಿಡಿದಿಟ್ಟ ಸಾರವನ್ನು ಹೊಸ ನೀರಿನಿಂದ ಹೊರದೂಡುವುದು.

ಇಂಗ್ಲೆಂಡಿನಲ್ಲಿ ಹಿಂದೆ ಒಂದೇ ಮಾಲ್ಟನ್ನು ಎರಡು ಮೂರು ಸಲ ಹೊಸ ನೀರಿನಲ್ಲಿ ಕಲಸಿ, ಮೊದಲ ರಸದಿಂದ ಗಟ್ಟಿ ಬಿಯರನ್ನೂ ಕೊನೆಯ ರಸದಿಂದ ತೆಳು ಬಿಯರನ್ನೂ ಮಾಡುತ್ತಿದ್ದರು. ಮೇಲಿನಿಂದ ನೀರು ಚಿಮುಕಿಸುತ್ತ ಒಂದೇ ಓಟದಲ್ಲಿ ತೊಳೆಯುವ ಕ್ರಮ ಸ್ಕಾಟ್ಲೆಂಡಿನದು. 19ನೆಯ ಶತಮಾನದಲ್ಲಿ ಅದು ಇಂಗ್ಲೆಂಡಿಗೂ ಹರಡಿತು.

ಇಳುವರಿಯ ಲೆಕ್ಕ

ಅಳತೆ ಇಲ್ಲದೆ ಸುಧಾರಣೆ ಇಲ್ಲ. ಒಳ್ಳೆಯ ಬಿಳಿ ಬಾರ್ಲಿ ಮಾಲ್ಟಿನ ಒಂದು ಕಿಲೋದಿಂದ ಸುಮಾರು 300 ಲೀಟರ್-ಡಿಗ್ರಿ ಸಾರ ದೊರೆಯಬೇಕು. ಲೀಟರ್-ಡಿಗ್ರಿ ಎಂದರೆ ರಸದ ಲೀಟರುಗಳನ್ನು ಸಾಂದ್ರತೆಯ ಕೊನೆಯ ಅಂಕಿಗಳಿಂದ ಗುಣಿಸಿದ ಮೊತ್ತ. 1.036 ಸಾಂದ್ರತೆಗೆ 36, 1.048ಕ್ಕೆ 48 ಎಂದು ತೆಗೆದುಕೊಳ್ಳಬೇಕು.

ಐದು ಕಿಲೋ ಮಾಲ್ಟಿನಲ್ಲಿರುವುದು 1500. ನಮ್ಮ ವಿದ್ಯಾರ್ಥಿಗೆ ಬಂದದ್ದು 25 × 36, ಅಂದರೆ 900. ಇಳುವರಿ ಶೇಕಡಾ 60 ಮಾತ್ರ. ಐದು ಕಿಲೋ ಕೊಂಡು ಮೂರು ಕಿಲೋ ಬಳಸಿ, ಎರಡು ಕಿಲೋ ಚರಟದೊಡನೆ ಹೊರಗೆ ಎಸೆದಂತಾಯಿತು. ಮನೆಯ ಉಪಕರಣಗಳಲ್ಲಿಯೇ ಶೇಕಡಾ 75ರಿಂದ 80 ಪಡೆಯುವುದು ಕಷ್ಟವಲ್ಲ.

ಸಾಂದ್ರತೆ ಅಳೆಯುವಾಗ ರಸವನ್ನು ಹೈಡ್ರೋಮೀಟರ್ ಮೇಲೆ ನಮೂದಿಸಿದ ಉಷ್ಣತೆಗೆ, ಸಾಮಾನ್ಯವಾಗಿ 20 ಡಿಗ್ರಿಗೆ, ತಣಿಸಿಕೊಳ್ಳತಕ್ಕದ್ದು. ಬಿಸಿ ರಸದಲ್ಲಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಕಬ್ಬಿನ ಪಕ್ವತೆ ನೋಡುವ ಕೈ ರಿಫ್ರಾಕ್ಟೋಮೀಟರ್ ಇದ್ದವರು ಅದನ್ನೂ ಬಳಸಬಹುದು. ಬ್ರಿಕ್ಸ್ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ಸ್ಥೂಲವಾಗಿ ಸಾಂದ್ರತೆಯ ಕೊನೆಯ ಅಂಕಿಗಳು ಸಿಗುತ್ತವೆ. 12 ಬ್ರಿಕ್ಸ್ ಎಂದರೆ ಸುಮಾರು 1.048.

ನಷ್ಟ ಎಲ್ಲಿ ಎಂದು ಮೊದಲು ಗುರುತಿಸಿರಿ

ಬೆಳೆ ಹಳದಿಯಾದರೆ ಕಾರಣ ತಿಳಿಯದೆ ಯೂರಿಯಾ ಹಾಕುವುದು ತಪ್ಪು. ಇಲ್ಲಿಯೂ ಹಾಗೆಯೇ. ನಷ್ಟಕ್ಕೆ ಎರಡು ಜಾಗಗಳಿವೆ.

ಒಂದು, ಪಿಷ್ಟವು ಸಕ್ಕರೆಯಾಗದೆ ಕಾಳಿನಲ್ಲಿಯೇ ಉಳಿದಿರಬಹುದು. ಆಗ ಎಷ್ಟು ತೊಳೆದರೂ ಫಲವಿಲ್ಲ. ಇಲ್ಲದ ಸಕ್ಕರೆಯನ್ನು ನೀರು ಹೊರತರಲಾರದು.

ಎರಡು, ಸಕ್ಕರೆ ಆಗಿದೆ, ಆದರೆ ತೊಳೆತ ಸರಿಯಾಗದೆ ಚರಟದಲ್ಲಿ ಉಳಿದಿದೆ.

ಇವೆರಡನ್ನು ಬೇರ್ಪಡಿಸಿ ತಿಳಿಯಲು, ತೊಳೆಯುವ ನೀರು ಸೇರಿಸುವ ಮೊದಲು ಚೆನ್ನಾಗಿ ಕಲಕಿ, ಮೊದಲ ರಸದ ಬ್ರಿಕ್ಸ್ ಅಳೆಯಬೇಕು. ಕಿಲೋಗೆ ಮೂರು ಲೀಟರ್ ನೀರು ಹಾಕಿದ್ದರೆ ಅದು ಸುಮಾರು 20 ಇರಬೇಕು. 20ರ ಹತ್ತಿರ ಇದ್ದು ಒಟ್ಟು ಇಳುವರಿ ಕಡಿಮೆಯಾದರೆ ತಪ್ಪು ತೊಳೆತದಲ್ಲಿದೆ. 16 ಅಥವಾ 17 ಮಾತ್ರ ಇದ್ದರೆ ತಪ್ಪು ಅದಕ್ಕಿಂತ ಮೊದಲೇ ಆಗಿದೆ. ಜೊತೆಗೆ, ಕಾಳಿನ ಚೂರು ಇಲ್ಲದ ಒಂದು ತೊಟ್ಟು ರಸವನ್ನು ಬಿಳಿ ತಟ್ಟೆಯ ಮೇಲೆ ಹಾಕಿ ಒಂದು ತೊಟ್ಟು ಅಯೊಡಿನ್ ದ್ರಾವಣ ಸೇರಿಸಿರಿ. ನೀಲಿಗಪ್ಪಾದರೆ ಪಿಷ್ಟ ಇನ್ನೂ ಉಳಿದಿದೆ ಎಂದರ್ಥ. ಈ ತೊಟ್ಟನ್ನು ಮರಳಿ ಪಾತ್ರೆಗೆ ಹಾಕಬಾರದು. ಕೊನೆಗೆ ಚರಟವನ್ನು ಅಂಗೈಯಲ್ಲಿ ಹರಡಿ ನೋಡಿರಿ. ಒಡೆಯದ ಇಡೀ ಕಾಳು ಕಾಣಿಸಿದರೆ ನಷ್ಟಕ್ಕೆ ಸಾಕ್ಷಿ ಅಲ್ಲಿಯೇ ಇದೆ.

ಕಾಳು ಒಡೆಯುವುದು

ತೊಳೆತದ ಯಶಸ್ಸು ಬೀಸುವಾಗಲೇ ಅರ್ಧ ನಿರ್ಧಾರವಾಗುತ್ತದೆ. ಪ್ರತಿಯೊಂದು ಕಾಳೂ ಒಡೆಯಬೇಕು, ಆದರೆ ಸಿಪ್ಪೆ ಹರಿಯಬಾರದು. ಬಾರ್ಲಿಯ ಸಿಪ್ಪೆಯೇ ಪಾತ್ರೆಯೊಳಗೆ ಜರಡಿಯಾಗಿ ಕೆಲಸ ಮಾಡುತ್ತದೆ. ಸಿಪ್ಪೆ ಪುಡಿಯಾದರೆ ಜರಡಿಯೇ ಇಲ್ಲದಂತಾಗುತ್ತದೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಸಂಶೋಧನಾ ವಿದ್ಯಾರ್ಥಿಯಾಗಿ ಕೆಲವು ತಿಂಗಳು ಹೊರದೇಶದಲ್ಲಿದ್ದಾಗ, ಜೊತೆಗಿದ್ದ ಸ್ನೇಹಿತರೊಡನೆ ಈ ಕೆಲಸಕ್ಕೆ ಇಳಿದಿದ್ದೆ. ರೋಲರ್ ಗಿರಣಿ ಇರಲಿಲ್ಲ. ನುಣ್ಣಗಾದಷ್ಟೂ ಒಳ್ಳೆಯದೆಂದು ಭಾವಿಸಿ ಆರು ಕಿಲೋ ಮಾಲ್ಟನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿದೆ. ಪಿಷ್ಟವೇನೋ ಚೆನ್ನಾಗಿ ಸಕ್ಕರೆಯಾಯಿತು. ಆದರೆ ನಲ್ಲಿ ತೆರೆದಾಗ ಒಂದು ಲೋಟ ರಸ ಬಂದು ನಿಂತುಹೋಯಿತು. ರಾತ್ರಿ ಎರಡು ಗಂಟೆಯವರೆಗೆ ಸೌಟಿನಿಂದ ಕೆದಕಿದೆವು. ಅಂಟಿನ ಮುದ್ದೆಯಂತಿದ್ದ ಅದು ಜಗ್ಗಲಿಲ್ಲ. ಬೆಳಗಾಗುವಷ್ಟರಲ್ಲಿ ಹುಳಿವಾಸನೆ ಬಂದಿತ್ತು. ಆರು ಕಿಲೋ ಕಾಳು ನೆರೆಯವರ ಕೋಳಿಗಳ ಪಾಲಾಯಿತು. ಧಾನ್ಯ ಬೆಳೆಯುವ ವಿಷಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದವನಿಗೆ ಆ ದಿನ ಆದ ನಾಚಿಕೆ ಇಂದಿಗೂ ಮರೆತಿಲ್ಲ.

ಆದುದರಿಂದ ಎರಡು ರೋಲರುಗಳ ಗಿರಣಿಯನ್ನೇ ಬಳಸಿ, ರೋಲರುಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಅಂತರ ಇಡುವುದು ಒಳ್ಳೆಯದು. ಕಾಳಿನ ಗಾತ್ರ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು. ಒಡೆಯುವ ಹತ್ತು ನಿಮಿಷ ಮೊದಲು ಕಾಳಿನ ತೂಕದ ಶೇಕಡಾ ಒಂದೂವರೆಯಿಂದ ಎರಡರಷ್ಟು ನೀರನ್ನು ಚಿಮುಕಿಸಿ ಕಲಸಿದರೆ ಸಿಪ್ಪೆ ಮೆತ್ತಗಾಗಿ ಹರಿಯದೆ ಉಳಿಯುತ್ತದೆ. ಐದು ಕಿಲೋಗೆ 75ರಿಂದ 100 ಮಿಲಿಲೀಟರ್ ನೀರು ಸಾಕು. ಹೆಚ್ಚಾದರೆ ರೋಲರಿಗೆ ಅಂಟುತ್ತದೆ.

ಗೋಧಿ ಮುಂತಾದ ಸಿಪ್ಪೆಯಿಲ್ಲದ ಕಾಳುಗಳನ್ನು ಸೇರಿಸುವಾಗ ಅಮೆರಿಕದ ಮನೆ ತಯಾರಕರು ಭತ್ತದ ಹೊಟ್ಟನ್ನು ತೊಳೆದು ಬೆರೆಸುತ್ತಾರೆ. ಕಾಳಿನ ತೂಕದ ಶೇಕಡಾ ಐದರಷ್ಟು ಹೊಟ್ಟು ಸೇರಿದರೂ ರಸ ಸಲೀಸಾಗಿ ಇಳಿಯುತ್ತದೆ. ನಮ್ಮ ಅಕ್ಕಿ ಗಿರಣಿಗಳ ಮುಂದೆ ರಾಶಿ ಬಿದ್ದಿರುವ ಹೊಟ್ಟಿಗೆ ಅಲ್ಲಿ ಹಣ ಕೊಡುತ್ತಾರೆ!

ತೊಳೆಯುವ ಎರಡು ವಿಧಾನಗಳು

(1) ಸತತ ತೊಳೆತ: ಪಾತ್ರೆಯ ತಳದಲ್ಲಿ ತೂತಿನ ತಟ್ಟೆ ಇರುತ್ತದೆ. ಕೆಳಗೆ ನಲ್ಲಿಯಿಂದ ರಸ ಇಳಿಯುತ್ತಿರುವಾಗಲೇ ಅದೇ ವೇಗದಲ್ಲಿ ಮೇಲಿನಿಂದ ಬಿಸಿನೀರು ಚಿಮುಕಿಸುತ್ತಾರೆ. ಸಸಿಮಡಿಗೆ ರೋಸ್‌ಕ್ಯಾನಿನಿಂದ ನೀರು ಕೊಡುವಂತೆ ಮೆತ್ತಗೆ, ಎಲ್ಲೆಡೆ ಸಮನಾಗಿ ಬೀಳಬೇಕು. ಚರಟದ ಮೇಲೆ ಯಾವಾಗಲೂ ಎರಡು ಮೂರು ಸೆಂಟಿಮೀಟರ್ ನೀರು ನಿಂತಿರಬೇಕು. ಮೇಲ್ಮೈ ಒಣಗಿದರೆ ಬಿರುಕು ಬಿಡುತ್ತದೆ, ನೀರು ಆ ಬಿರುಕಿನಲ್ಲಿಯೇ ಇಳಿದುಹೋಗುತ್ತದೆ. 25 ಲೀಟರ್ ರಸ ಇಳಿಯಲು 45ರಿಂದ 60 ನಿಮಿಷ ಬೇಕು. ಅಂದರೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್. ಇದಕ್ಕಿಂತ ಅವಸರ ಮಾಡಿದರೆ ಚರಟ ಒತ್ತಿಕೊಂಡು ಕಟ್ಟಿಕೊಳ್ಳುತ್ತದೆ.

(2) ಕಂತಿನ ತೊಳೆತ: ಮೊದಲ ರಸವನ್ನು ಪೂರ್ತಿ ಬಸಿದು, ನಲ್ಲಿ ಮುಚ್ಚಿ, ಬಿಸಿನೀರು ಹಾಕಿ ಚೆನ್ನಾಗಿ ಕಲಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಪೂರ್ತಿ ಬಸಿಯುವುದು. ಕಲಕುವುದರಿಂದ ನೀರು ಎಲ್ಲ ಕಾಳನ್ನೂ ಮುಟ್ಟುತ್ತದೆ. ಹೊಸದಾಗಿ ಕಲಿಯುವವರಿಗೆ ಇದೇ ಸುರಕ್ಷಿತ.

ತುಂಗಭದ್ರಾ ಅಚ್ಚುಕಟ್ಟಿನ ಚೌಳು ಭೂಮಿಯ ರೈತರಿಗೆ ಈ ವ್ಯತ್ಯಾಸ ಬೇಗ ಅರ್ಥವಾದೀತು. ಮಡಿಯಲ್ಲಿ ಒಂದೇ ಸಮನೆ ನೀರು ಹರಿಸಿದರೆ ಅದು ದೊಡ್ಡ ಸಂದುಗಳಲ್ಲಿ ಇಳಿದುಹೋಗುತ್ತದೆ, ಹೆಂಟೆಯೊಳಗಿನ ಲವಣ ಅಲ್ಲಿಯೇ ಉಳಿಯುತ್ತದೆ. ಬಿಟ್ಟು ಬಿಟ್ಟು ನೀರು ನಿಲ್ಲಿಸಿ ಬಸಿದರೆ ಲವಣ ಕರಗಿ ಹೊರಬರಲು ಸಮಯ ಸಿಗುತ್ತದೆ, ನೀರೂ ಕಡಿಮೆ ಸಾಕಾಗುತ್ತದೆ. ಆದರೆ ಎರಡರಲ್ಲಿಯೂ ಬಸಿಗಾಲುವೆ ಸರಿಯಿರಬೇಕು. ಇಲ್ಲಿ ಬಸಿಗಾಲುವೆಯೆಂದರೆ ತೂತಿನ ತಟ್ಟೆ ಮತ್ತು ನಲ್ಲಿ.

ಎಷ್ಟು ಕಂತು ಬೇಕು?

ಲೆಕ್ಕ ಮಾಡಿ ನೋಡೋಣ. ಸುಲಭವಾಗಲೆಂದು, ಸಕ್ಕರೆ ಕರಗಿದಾಗ ಹೆಚ್ಚುವ ಗಾತ್ರವನ್ನು ಇಲ್ಲಿ ಬಿಟ್ಟಿದ್ದೇನೆ. ಐದು ಕಿಲೋ ಮಾಲ್ಟಿಗೆ 15 ಲೀಟರ್ ನೀರು. ಚರಟ ಹಿಡಿಯುವುದು ಐದು ಲೀಟರ್. ಮೊದಲು ಇಳಿಯುವುದು 10 ಲೀಟರ್, ಅಂದರೆ ಸಕ್ಕರೆಯ ಮೂರರಲ್ಲಿ ಎರಡು ಪಾಲು. ಚರಟದಲ್ಲಿ ಉಳಿಯುವುದು ಶೇಕಡಾ 33.3.

ಈಗ ತೊಳೆಯಲು 15 ಲೀಟರ್ ನೀರು ಇದೆ ಎನ್ನಿ.

ತೊಳೆಯದೆ ಬಿಟ್ಟರೆ: ಇಳುವರಿ ಶೇಕಡಾ 66.7.
15 ಲೀಟರನ್ನು ಒಂದೇ ಕಂತಿನಲ್ಲಿ ಹಾಕಿದರೆ: ಉಳಿದುದರಲ್ಲಿ ಮುಕ್ಕಾಲು ಭಾಗ ಹೊರಬರುತ್ತದೆ. ಇಳುವರಿ ಶೇಕಡಾ 91.7.
ಏಳೂವರೆ ಲೀಟರಿನಂತೆ ಎರಡು ಕಂತು ಹಾಕಿದರೆ: ಇಳುವರಿ ಶೇಕಡಾ 94.7.
ಎಲ್ಲ 30 ಲೀಟರನ್ನೂ ಮೊದಲೇ ಹಾಕಿ ತೊಳೆಯದೆ ಬಸಿದರೆ: ಇಳುವರಿ ಶೇಕಡಾ 83.3.

ಇವು ಕಾಗದದ ಮೇಲಿನ ಗರಿಷ್ಠ ಅಂಕಿಗಳು. ಪಿಷ್ಟ ಪೂರ್ತಿ ಸಕ್ಕರೆಯಾಗಿ, ಕಲಕುವುದು ಪರಿಪೂರ್ಣವಾದರೆ ಮಾತ್ರ ಇಷ್ಟು ಬರುತ್ತದೆ. ಆದರೂ ಇವು ಕಲಿಸುವ ಪಾಠ ಸ್ಪಷ್ಟ. ಅಷ್ಟೇ ನೀರಾದರೂ ಹಂಚಿ ಹಾಕಿದರೆ ಹೆಚ್ಚು ಲಾಭ. ಮೊದಲ ತೊಳೆತದಿಂದ ಬರುವ ಲಾಭ ಶೇಕಡಾ 25, ಅದನ್ನೇ ಎರಡು ಮಾಡಿದರೆ ಇನ್ನು ಶೇಕಡಾ ಮೂರು. ಮೂರನೆಯ ನಾಲ್ಕನೆಯ ಕಂತಿನ ಶ್ರಮಕ್ಕೆ ತಕ್ಕ ಪ್ರತಿಫಲ ಇಲ್ಲ. ಗೊಬ್ಬರದ ವಿಷಯದಲ್ಲಿ ನಾವು ಹೇಳುವ ಇಳಿಮುಖ ಪ್ರತಿಫಲದ ನಿಯಮ ಇದೇ.

ತಳದಲ್ಲಿ ನಿಂತ ರಸ

ಅನೇಕರು ಗಮನಿಸದ ಒಂದು ನಷ್ಟವಿದೆ. ನಲ್ಲಿಯನ್ನು ಪಾತ್ರೆಯ ತಳಕ್ಕಿಂತ ಮೇಲೆ ಕೂಡಿಸಿದ್ದರೆ ಅದರ ಕೆಳಗಿನ ರಸ ಎಂದಿಗೂ ಇಳಿಯುವುದಿಲ್ಲ. ಹೀಗೆ ಎರಡು ಲೀಟರ್ ನಿಂತಿತೆನ್ನಿ. ಆಗ ಹಿಡಿದಿಟ್ಟ ರಸ ಐದರ ಬದಲು ಏಳು ಲೀಟರ್ ಆಗುತ್ತದೆ. ಮೇಲಿನ ಲೆಕ್ಕದಲ್ಲಿಯೇ ಒಂದು ಕಂತಿನ ಇಳುವರಿ ಶೇಕಡಾ 91.7ರಿಂದ 85.2ಕ್ಕೆ ಇಳಿಯುತ್ತದೆ. ಪಾತ್ರೆಯನ್ನು ನಲ್ಲಿಯ ಕಡೆಗೆ ಸ್ವಲ್ಪ ವಾಲಿಸುವುದರಿಂದಲೋ, ನಲ್ಲಿಯ ಒಳಬಾಯಿಗೆ ತಳ ಮುಟ್ಟುವ ಬಾಗಿದ ಕೊಳವೆ ಜೋಡಿಸುವುದರಿಂದಲೋ ಖರ್ಚಿಲ್ಲದೆ ಇದನ್ನು ತಪ್ಪಿಸಬಹುದು. ನಿಮ್ಮ ಪಾತ್ರೆಗೆ ಬರೀ ನೀರು ತುಂಬಿ, ನಲ್ಲಿಯಿಂದ ಬಸಿದು, ಉಳಿದ ನೀರನ್ನು ಅಳೆದರೆ ನಷ್ಟ ಎಷ್ಟೆಂದು ತಿಳಿಯುತ್ತದೆ.

ಉಷ್ಣತೆ ಮತ್ತು ರಸಸಾರ

ತೊಳೆಯುವ ನೀರು ಬಿಸಿಯಾಗಿರಬೇಕು. ಬಿಸಿ ರಸ ತೆಳುವಾಗಿ ಸಲೀಸಾಗಿ ಇಳಿಯುತ್ತದೆ. ಆದರೆ ಚರಟದ ಉಷ್ಣತೆ 77 ಡಿಗ್ರಿ ದಾಟಬಾರದು. ಅದಕ್ಕಿಂತ ಹೆಚ್ಚಾದರೆ ಕಾಳಿನಲ್ಲಿ ಉಳಿದ ಪಿಷ್ಟ ಕರಗಿ ಬರುತ್ತದೆ, ಅದನ್ನು ಸಕ್ಕರೆ ಮಾಡುವ ಕಿಣ್ವ ಅಷ್ಟರಲ್ಲಿ ನಾಶವಾಗಿರುತ್ತದೆ. ರಸ ಮಬ್ಬಾಗುತ್ತದೆ. ಅಳೆಯಬೇಕಾದದ್ದು ಚರಟದ ಉಷ್ಣತೆಯನ್ನು, ಕೆಟಲಿನ ನೀರಿನದನ್ನಲ್ಲ. ಕಂತಿನ ತೊಳೆತದಲ್ಲಿ ಚರಟ ತಣಿದಿದ್ದರೆ ನೀರು 80 ಡಿಗ್ರಿ ಇದ್ದರೂ ಕಲಸಿದ ಮೇಲೆ ಮಿತಿಯೊಳಗೇ ಇರುತ್ತದೆ.

ಎರಡನೆಯದು ರಸಸಾರ. ಮ್ಯಾಷ್ ಕಾಲದಲ್ಲಿ ಅದು 5.2ರಿಂದ 5.6 ಇರುವುದು ಒಳ್ಳೆಯದು. ತೊಳೆಯುತ್ತ ಹೋದಂತೆ ಕಾಳಿನ ಹುಳಿ ಅಂಶ ಕಡಿಮೆಯಾಗಿ, ನೀರಿನ ಬೈಕಾರ್ಬೊನೇಟ್ ಮೇಲುಗೈ ಪಡೆದು ರಸಸಾರ ಏರುತ್ತದೆ. ಅದು ಆರರ ಹತ್ತಿರ ಬಂದಾಗ ಸಿಪ್ಪೆಯ ಟ್ಯಾನಿನ್ ರಸಕ್ಕೆ ಇಳಿದು ಒಗರು ಬರುತ್ತದೆ. ಒಂದೇ ಕಾಫಿಪುಡಿಗೆ ಮೂರನೆಯ ಸಲ ನೀರು ಹುಯ್ದಾಗ ಬರುವ ರುಚಿಯನ್ನು ನೆನೆಸಿಕೊಳ್ಳಿ. ಆದುದರಿಂದಲೇ "ಇನ್ನೂ ಹೆಚ್ಚು ನೀರು ಹಾಕಲೇ?" ಎಂಬ ಪ್ರಶ್ನೆಗೆ ಬೇಡ ಎಂದು ಉತ್ತರಿಸಿದೆ. ಇಳಿಯುವ ರಸದ ಸಾಂದ್ರತೆ 1.010ಕ್ಕೆ, ಅಂದರೆ ಸುಮಾರು ಎರಡೂವರೆ ಬ್ರಿಕ್ಸ್‌ಗೆ, ಬಂದೊಡನೆ ನಿಲ್ಲಿಸತಕ್ಕದ್ದು. ಅದರಾಚೆ ದೊರೆಯುವ ಸಕ್ಕರೆ ಅಲ್ಪ, ಒಗರು ಅಧಿಕ. ಗಡಸು ನೀರಿನ ಪ್ರದೇಶದಲ್ಲಿ ತೊಳೆಯುವ ನೀರಿಗೆ ಆಹಾರ ದರ್ಜೆಯ ಲ್ಯಾಕ್ಟಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿ, ರಸಸಾರವನ್ನು ಐದೂವರೆಯಿಂದ ಆರರ ನಡುವೆ ತರುತ್ತಾರೆ.

ರಸ ನಿಂತುಹೋದರೆ

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ನಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಗಾಬರಿಯಿಂದ ನಲ್ಲಿಯನ್ನು ಪೂರ್ತಿ ತೆರೆಯಬಾರದು. ಎಳೆತ ಹೆಚ್ಚಿ ಚರಟ ಇನ್ನಷ್ಟು ಬಿಗಿಯುತ್ತದೆ. ಈ ಕ್ರಮ ಅನುಸರಿಸಿರಿ:

(ಅ) ನಲ್ಲಿ ಮುಚ್ಚಿ. ಚರಟದ ಉಷ್ಣತೆ ನೋಡಿ. ತಣಿದಿದ್ದರೆ ಸ್ವಲ್ಪ ಬಿಸಿನೀರು ಸೇರಿಸಿ 75 ಡಿಗ್ರಿಯ ಹತ್ತಿರಕ್ಕೆ ತನ್ನಿ.
(ಆ) ಸಾಧ್ಯವಾದರೆ ನಲ್ಲಿಯ ಮೂಲಕವೇ ಒಂದೆರಡು ಲೀಟರ್ ಬಿಸಿನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ. ಚರಟ ಎದ್ದು ಸಡಿಲವಾಗುತ್ತದೆ.
(ಇ) ತಳ ಮುಟ್ಟುವಂತೆ ನಿಧಾನವಾಗಿ ಕಲಕಿ, ತೊಳೆದ ಭತ್ತದ ಹೊಟ್ಟು ಇದ್ದರೆ ಒಂದೆರಡು ಹಿಡಿ ಬೆರೆಸಿ.
(ಈ) ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಸಿಪ್ಪೆ ಮತ್ತೆ ಜರಡಿಯಂತೆ ಕೂರಬೇಕು.
(ಉ) ನಲ್ಲಿಯನ್ನು ಕಾಲುಭಾಗ ಮಾತ್ರ ತೆರೆಯಿರಿ. ಮೊದಲು ಬರುವ ಮಬ್ಬು ರಸವನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಹುಯ್ಯಿರಿ. ತಿಳಿಯಾದ ಮೇಲೆ ಸಂಗ್ರಹಿಸಿರಿ.

ಕೊನೆಯ ಕೆಲಸವನ್ನು ರಸ ನಿಲ್ಲದಿದ್ದರೂ ಪ್ರತಿಸಲ ಮಾಡತಕ್ಕದ್ದು. ಬಿಸಿನೀರಿನ ಈ ಕೆಲಸದಲ್ಲಿ ಮಕ್ಕಳನ್ನು ಹತ್ತಿರ ಬಿಡಬಾರದು. 75 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಸುಟ್ಟ ಗಾಯವಾಗುತ್ತದೆ.

ನಮ್ಮ ರಾಗಿ ಮಾಲ್ಟಿಗೆ ಅನ್ವಯ

ಮೊಳಕೆ ಬರಿಸಿದ ರಾಗಿಯಲ್ಲಿಯೂ ಅಮೈಲೇಸ್ ಕಿಣ್ವ ಇದೆ. ಆದರೆ ಎರಡು ವ್ಯತ್ಯಾಸಗಳನ್ನು ತಿಳಿದಿರಬೇಕು. ರಾಗಿಗೆ ಬಾರ್ಲಿಯಂತೆ ಅಂಟಿಕೊಂಡ ಒರಟು ಸಿಪ್ಪೆ ಇಲ್ಲ. ಆದುದರಿಂದ ತನ್ನಷ್ಟಕ್ಕೆ ತಾನೇ ಜರಡಿಯಾಗುವುದಿಲ್ಲ. ಅಲ್ಲದೆ ರಾಗಿಯ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಉಷ್ಣತೆ ಬೇಕು. ಆ ಉಷ್ಣತೆಯಲ್ಲಿ ಕಿಣ್ವ ಕೆಡುತ್ತದೆ.

ಇದಕ್ಕೆ ಒಂದು ಸರಳ ಉಪಾಯವಿದೆ. ರಾಗಿ ಮಾಲ್ಟಿನ ಹಿಟ್ಟನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಇಡಬೇಕು. ಕಿಣ್ವ ಆ ನೀರಿನಲ್ಲಿ ಇರುತ್ತದೆ. ತಳದ ಗಷ್ಟಿಗೆ ನೀರು ಸೇರಿಸಿ ಗಂಜಿಯಂತೆ ಬೇಯಿಸಿ, 65 ಡಿಗ್ರಿಗೆ ತಣಿಸಿ, ಎತ್ತಿಟ್ಟ ತಿಳಿನೀರನ್ನು ಸೇರಿಸಿ ಒಂದು ಗಂಟೆ ಬೆಚ್ಚಗೆ ಇಡಬೇಕು. ಗಟ್ಟಿಯಾಗಿದ್ದ ಗಂಜಿ ನೀರಾಗಿ ಸಿಹಿಯಾಗುತ್ತದೆ.

ತೊಳೆಯಲು ಕಂತಿನ ವಿಧಾನವೇ ಸರಿ. ಬಟ್ಟೆಯಲ್ಲಿ ಸೋಸಿ ಹಿಂಡಿ, ಚರಟವನ್ನು ಮತ್ತೆ ಬಿಸಿನೀರಿನಲ್ಲಿ ಕದಡಿ, ಇನ್ನೆರಡು ಸಲ ಹಿಂಡುವುದು. ಹಾಲ್ಬಾಯಿಗೆ ರಾಗಿಹಾಲು ತೆಗೆಯುವ ನಮ್ಮ ತಾಯಂದಿರು ಅಳತೆಗೋಲಿಲ್ಲದೆಯೇ ಇದನ್ನು ಅರಿತಿದ್ದಾರೆ. ರಾಗಿಯ ಕೆಂಪು ಹೊರಪದರದಲ್ಲಿ ಟ್ಯಾನಿನ್ ಇರುವುದರಿಂದ ಮೂರಕ್ಕಿಂತ ಹೆಚ್ಚು ಸಲ ಹಿಂಡಬಾರದು. ತೆಗೆದ ರಸವನ್ನು ಅದೇ ದಿನ ಕುದಿಸಿ ಬತ್ತಿಸತಕ್ಕದ್ದು. ಇಟ್ಟರೆ ಹುಳಿಯುತ್ತದೆ.

ಚರಟವೂ ವ್ಯರ್ಥವಲ್ಲ

ಸಕ್ಕರೆ ಹೊರಟುಹೋದ ಮೇಲೆ ಚರಟದಲ್ಲಿ ಉಳಿಯುವುದು ಮುಖ್ಯವಾಗಿ ಸಸಾರಜನಕ ಮತ್ತು ನಾರು. ಬಾರ್ಲಿಯ ಒಣ ಚರಟದಲ್ಲಿ ಸಸಾರಜನಕ ಸಾಮಾನ್ಯವಾಗಿ ಶೇಕಡಾ 20ಕ್ಕೂ ಹೆಚ್ಚು ಇರುತ್ತದೆ. ಆದರೆ ಹಸಿ ಚರಟದ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಕೊಳ್ಳುವವರು ಇದನ್ನು ನೆನಪಿಟ್ಟು ಬೆಲೆ ಕಟ್ಟಬೇಕು. ನಮ್ಮ ಹವೆಯಲ್ಲಿ ಅದು ಎರಡು ಮೂರು ದಿನಗಳಲ್ಲಿ ಹುಳಿತು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಹಸುಗಳಿಗೆ ಹಾಕಲೇಬಾರದು. ತಾಜಾ ಚರಟವನ್ನು ಕೂಡ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿ, ಒಣ ಮೇವು ಮತ್ತು ಖನಿಜ ಮಿಶ್ರಣದ ಜೊತೆಗೆ ಕೊಡಬೇಕು.

ಪತ್ರದ ಮುಂದಿನ ಕಥೆ

ನಮ್ಮ ವಿದ್ಯಾರ್ಥಿಗೆ ಮೇಲಿನ ಪರೀಕ್ಷೆಗಳನ್ನು ಮಾಡಿ ನೋಡಲು ಬರೆದೆ. ಮೊದಲ ರಸ 17 ಬ್ರಿಕ್ಸ್ ಇತ್ತು. ಚರಟದಲ್ಲಿ ಇಡೀ ಕಾಳುಗಳು ಕಾಣಿಸಿದವು. ಅಂಗಡಿಯವರು ಒಡೆದು ಕೊಟ್ಟ ಮಾಲ್ಟನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಪಾತ್ರೆಯ ತಳದಲ್ಲಿ ಎರಡು ಲೀಟರ್ ನಿಲ್ಲುತ್ತಿತ್ತು. ಅಂದರೆ ಪಿಷ್ಟದಲ್ಲಿ ಸಕ್ಕರೆಯಾದದ್ದು ಸುಮಾರು ಶೇಕಡಾ 80, ಆದ ಸಕ್ಕರೆಯಲ್ಲಿ ಹೊರಬಂದದ್ದು ಸುಮಾರು ಶೇಕಡಾ 75. ಎರಡೂ ಸೇರಿ ಶೇಕಡಾ 60 ಆಯಿತು. ಎರಡು ಸಣ್ಣ ತಪ್ಪುಗಳು ಗುಣಿಸಿಕೊಂಡು ದೊಡ್ಡ ನಷ್ಟವಾಗುವುದು ಹೀಗೆ.

ಗಿರಣಿಯ ಅಂತರ ಸರಿಪಡಿಸಿ, ಬಾಗಿದ ಕೊಳವೆ ಜೋಡಿಸಿ, ಎರಡು ಕಂತಿನಲ್ಲಿ ಕಲಕಿ ತೊಳೆದ ಮೇಲೆ ಅದೇ ಐದು ಕಿಲೋಗೆ, ಅದೇ 25 ಲೀಟರಿಗೆ 1.047 ಬಂದಿತೆಂದು ಬರೆದಿದ್ದಾರೆ. ಇಳುವರಿ ಶೇಕಡಾ 78. ನೀರು ಒಂದು ಲೋಟವೂ ಹೆಚ್ಚಾಗಲಿಲ್ಲ.

ನೆನಪಿಡಬೇಕಾದ ಅಂಶಗಳು

1. ತೊಳೆಯುವ ಮೊದಲು ಮೊದಲ ರಸವನ್ನು ಅಳೆದು, ನಷ್ಟ ಎಲ್ಲಿ ಎಂದು ಗುರುತಿಸಿರಿ.
2. ಎಲ್ಲ ಕಾಳೂ ಒಡೆಯಲಿ, ಸಿಪ್ಪೆ ಹರಿಯದಿರಲಿ.
3. ನೀರನ್ನು ಎರಡು ಕಂತಿನಲ್ಲಿ ಹಂಚಿ, ಪ್ರತಿಸಲ ಚೆನ್ನಾಗಿ ಕಲಕಿರಿ.
4. ತಳದಲ್ಲಿ ರಸ ನಿಲ್ಲದಂತೆ ನೋಡಿಕೊಳ್ಳಿರಿ.
5. ಚರಟದ ಉಷ್ಣತೆ 77 ಡಿಗ್ರಿ ದಾಟದಿರಲಿ.
6. ರಸ 1.010ಕ್ಕೆ ಇಳಿದಾಗ ನಿಲ್ಲಿಸಿರಿ.
7. ಪ್ರತಿಸಲದ ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡಿರಿ.

ಕಾಳು ಬಾರ್ಲಿಯಾಗಿರಲಿ, ರಾಗಿಯಾಗಿರಲಿ, ಅದನ್ನು ಬೆಳೆಯಲು ಒಬ್ಬ ರೈತ ನಾಲ್ಕು ತಿಂಗಳು ಹೊಲದಲ್ಲಿ ದುಡಿದಿರುತ್ತಾನೆ. ಒಂದು ಗಂಟೆಯ ಅಜಾಗರೂಕತೆಯಿಂದ ಅದರ ಮೂರನೆಯ ಒಂದು ಪಾಲನ್ನು ಚೆಲ್ಲುವುದು ಸರಿಯಲ್ಲ. ರಾಗಿ ಮಾಲ್ಟ್ ಪಾಕವನ್ನು ಮಾರಾಟಕ್ಕಾಗಿ ತಯಾರಿಸಲು ಬಯಸುವ ಮಹಿಳಾ ಸಂಘಗಳೂ ಯುವಕರೂ ಕೆಲಸ ಆರಂಭಿಸುವ ಮೊದಲು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯುವುದು ಒಳ್ಳೆಯದು.